ಒಂದು ಹೊಲಿಗೆಗೆ ಇಪ್ಪತ್ತು ವರ್ಷ

ಒಬ್ಬರ ಅಂಗವನ್ನು ಇನ್ನೊಬ್ಬರ ದೇಹದಲ್ಲಿ ಕಸಿ ಮಾಡುವ ವಿದ್ಯೆ ಎಲ್ಲ ಅಂಗಗಳಿಗೂ ಒಟ್ಟಿಗೇ ಒಲಿಯಲಿಲ್ಲ. ಬಾಸ್ಟನ್‌ನಲ್ಲಿ ಮೂತ್ರಪಿಂಡದ ಕಸಿ ಫಲಿಸಿದ್ದು 1954ರಲ್ಲಿ. ದಕ್ಷಿಣ ಆಫ್ರಿಕದ ಕ್ರಿಸ್ಟಿಯಾನ್ ಬರ್ನಾರ್ಡ್ 1967ರಲ್ಲಿ ಹೃದಯವನ್ನೇ ಬದಲಿಸಿ ಜಗತ್ತನ್ನು ಬೆರಗುಗೊಳಿಸಿದರು. ಆದರೆ ಶ್ವಾಸಕೋಶದ ಕಸಿ ಮಾತ್ರ ಶಸ್ತ್ರವೈದ್ಯರನ್ನು ಇಪ್ಪತ್ತು ವರ್ಷ ಕಾಡಿಸಿತು.

ಮೊದಲ ಪ್ರಯತ್ನ ನಡೆದದ್ದು 1963ರ ಜೂನ್ 11ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ. ಕೊಲೆ ಆರೋಪದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ, ಶ್ವಾಸಕೋಶದ ಕ್ಯಾನ್ಸರ್ ಪೀಡಿತ ಕೈದಿಯೊಬ್ಬನಿಗೆ ಡಾ. ಜೇಮ್ಸ್ ಹಾರ್ಡಿ ಎಡ ಶ್ವಾಸಕೋಶವನ್ನು ಕಸಿ ಮಾಡಿದರು. ಹೊಸ ಅಂಗ ಉಸಿರಾಡಿತು. ರೋಗಿ 18 ದಿನ ಬದುಕಿ, ಮೂತ್ರಪಿಂಡದ ವೈಫಲ್ಯದಿಂದ ತೀರಿಕೊಂಡ. ಮುಂದಿನ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ಸುಮಾರು 40 ಮಂದಿಗೆ ಈ ಚಿಕಿತ್ಸೆ ನಡೆಯಿತು. ಅವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಸತ್ತರು. ಬೆಲ್ಜಿಯಂನ ಒಬ್ಬ ರೋಗಿ ಹತ್ತು ತಿಂಗಳು ಬದುಕಿದ್ದೇ ದೊಡ್ಡ ಸಾಧನೆ ಎನಿಸಿತು.

ತೊಡಕು ಎಲ್ಲಿತ್ತು? ಶ್ವಾಸಕೋಶಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಹೃದಯದ ಬಲಭಾಗದಿಂದ ಆಮ್ಲಜನಕ ತುಂಬಿಕೊಳ್ಳಲು ಬರುವ ರಕ್ತ ಒಂದು. ಶ್ವಾಸನಾಳದ ಗೋಡೆಯನ್ನು ಪೋಷಿಸಲು ದಾರದೆಳೆಯಂಥ ಧಮನಿಗಳಲ್ಲಿ ಬರುವ ರಕ್ತ ಇನ್ನೊಂದು. ಕಸಿ ಮಾಡುವಾಗ ದೊಡ್ಡ ರಕ್ತನಾಳಗಳನ್ನು ಹೊಲಿದು ಕೂಡಿಸುತ್ತಾರೆ. ಸಣ್ಣ ಧಮನಿಗಳು ಕಡಿದೇ ಹೋಗುತ್ತವೆ. ಶ್ವಾಸನಾಳವನ್ನು ಹೊಲಿದ ಜಾಗಕ್ಕೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಉಸಿರಿನ ಜೊತೆ ಬರುವ ರೋಗಾಣುಗಳೂ ಅಲ್ಲಿಗೇ ಮುತ್ತುತ್ತವೆ. ಕೊನೆಗೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯ ತಂಡಕ್ಕೂ 1978ರಲ್ಲಿ ಇದೇ ಅನುಭವವಾಯಿತು. ಆ ತಂಡದಲ್ಲಿದ್ದ ಎದೆಯ ಶಸ್ತ್ರವೈದ್ಯ ಜೋಯೆಲ್ ಕೂಪರ್ ಪ್ರಯೋಗಶಾಲೆಗೆ ಹಿಂತಿರುಗಿ, ಮುಂದಿನ ರೋಗಿಗೆ ಮುನ್ನ ಹೊಲಿಗೆ ಏಕೆ ಬಿಡುತ್ತದೆ ಎಂಬುದನ್ನು ತಿಳಿಯಲು ಹೊರಟರು. ಅವರೂ ಸಂಗಡಿಗರೂ ನಾಯಿಯ ಶ್ವಾಸಕೋಶವನ್ನು ಬೇರ್ಪಡಿಸಿ, ಅದೇ ನಾಯಿಗೆ ಮತ್ತೆ ಜೋಡಿಸಿದರು. ಸ್ವಂತ ಅಂಗವಾದ್ದರಿಂದ ದೇಹ ಅದನ್ನು ತಿರಸ್ಕರಿಸುವ ಪ್ರಶ್ನೆಯೇ ಇಲ್ಲ. ಹಾಗಿದ್ದೂ ಸ್ಟೀರಾಯ್ಡ್ ಕೊಟ್ಟ ನಾಯಿಗಳಲ್ಲಿ ಗಾಯ ಸರಿಯಾಗಿ ಕೂಡಲಿಲ್ಲ. ತಿರಸ್ಕಾರವನ್ನು ತಡೆಯಲೆಂದು ರೋಗಿಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಔಷಧವೇ ಹೊಲಿಗೆಗೆ ಶತ್ರುವಾಗಿತ್ತು!

ಪರಿಹಾರ ಎರಡು ಕಡೆಯಿಂದ ಒದಗಿತು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರವೊಂದರಿಂದ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಸೈಕ್ಲೋಸ್ಪೊರಿನ್ ಗಾಯ ಮಾಯುವುದಕ್ಕೆ ಅಡ್ಡಿಯಾಗದೆ ತಿರಸ್ಕಾರವನ್ನು ತಡೆಯಿತು. ಎರಡನೆಯದು ದೇಹದೊಳಗೇ ಇತ್ತು. ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರದಲ್ಲಿ ರಕ್ತನಾಳಗಳು ಹೇರಳ. ಅದನ್ನು ಎದೆಗೂಡಿನವರೆಗೆ ಎಳೆದು ಹೊಲಿಗೆಯ ಸುತ್ತ ಸುತ್ತಿದರೆ ಕೆಲವೇ ದಿನಗಳಲ್ಲಿ ಆ ಜಾಗಕ್ಕೆ ಹೊಸ ರಕ್ತ ಹರಿಯತೊಡಗುತ್ತಿತ್ತು.

1983ರ ನವೆಂಬರ್ 7ರಂದು 58 ವರ್ಷದ ರೋಗಿಯೊಬ್ಬರಿಗೆ ಕೂಪರ್ ತಂಡ ಬಲ ಶ್ವಾಸಕೋಶವನ್ನು ಕಸಿ ಮಾಡಿತು. ರೋಗಿಯ ಆಯ್ಕೆಯಲ್ಲೂ ಜಾಣತನವಿತ್ತು. ನಾರುಗಟ್ಟಿ ಬಿರುಸಾದ ಅವರ ಹಳೆಯ ಶ್ವಾಸಕೋಶಕ್ಕಿಂತ ಮೃದುವಾದ ಹೊಸದಕ್ಕೇ ಗಾಳಿಯೂ ರಕ್ತವೂ ಸುಲಭವಾಗಿ ನುಗ್ಗುತ್ತಿದ್ದವು. ಆರಂಭದ ವಾರಗಳಲ್ಲಿ ಸ್ಟೀರಾಯ್ಡನ್ನು ದೂರವಿಟ್ಟರು. ಹೊಲಿಗೆ ನಿಂತಿತು. ಅವರು ಕೆಲಸಕ್ಕೂ ಮರಳಿ, ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1986ರಲ್ಲಿ ಅದೇ ಆಸ್ಪತ್ರೆಯಲ್ಲಿ ಎರಡೂ ಶ್ವಾಸಕೋಶಗಳ ಕಸಿ ಯಶಸ್ವಿಯಾಯಿತು.

ಕೊಬ್ಬಿನ ಸೆರಗನ್ನು ಸುತ್ತುವ ಪದ್ಧತಿ ಇಂದು ಬಹುಮಟ್ಟಿಗೆ ಬಿಟ್ಟುಹೋಗಿದೆ. ದಾನಿಯ ಶ್ವಾಸನಾಳವನ್ನು ಗಿಡ್ಡವಾಗಿ ಕತ್ತರಿಸಿ ಜೋಡಿಸಿದರೆ ಅದಿಲ್ಲದೆಯೂ ಗಾಯ ಮಾಯುತ್ತದೆಂದು ಮುಂದಿನ ಅನುಭವ ತೋರಿಸಿತು. ಆದರೆ ಹೊಸ ಶ್ವಾಸಕೋಶವನ್ನು ದೇಹ ನಿಧಾನವಾಗಿ ತಿರಸ್ಕರಿಸುವುದು ಇನ್ನೂ ನಿಂತಿಲ್ಲ. ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಆರೇಳು ವರ್ಷದೊಳಗೆ ಸಾಯುತ್ತಾರೆ. ಮೂತ್ರಪಿಂಡ, ಹೃದಯಗಳ ಮಟ್ಟಿಗೆ ಲೆಕ್ಕ ಇಷ್ಟು ಕಠಿಣವಲ್ಲ. ಪ್ರತಿ ಉಸಿರಿಗೂ ಹೊರಗಿನ ಗಾಳಿಗೆ ಬಾಗಿಲು ತೆರೆಯುವ ಅಂಗವನ್ನು ಕಾಯುವುದು ಸುಲಭವಲ್ಲ. ಹೊಲಿಗೆಯ ಕಗ್ಗಂಟು ಬಿಚ್ಚಿದ್ದರಿಂದಲೇ ಸಂಶೋಧಕರು ಈ ಎರಡನೆಯ ಕಗ್ಗಂಟಿನವರೆಗೆ ಬಂದು ನಿಂತಿದ್ದಾರೆ.