ತಿಪ್ಪೆಯಿಂದ ಉದ್ಯಾನಕ್ಕೆ: ಮುಂಬಯಿಯ ಹಾರ್ನಿಮನ್ ವೃತ್ತ

ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಹಲವರು ಪ್ರತಿದಿನವೂ ಹಾರ್ನಿಮನ್ ವೃತ್ತವನ್ನು ಬಳಸಿ ನಡೆಯುತ್ತಾರೆ. ನಡುವಣ ಉದ್ಯಾನವನ್ನು ಹೊಕ್ಕವರು ವಿರಳ.

ಈ ನೆಲ ಹಿಂದೆ ಹತ್ತಿಯ ಮೂಟೆಗಳನ್ನು ಒಟ್ಟುತ್ತಿದ್ದ 'ಬಾಂಬೆ ಗ್ರೀನ್' ಎಂಬ ಬಯಲಾಗಿತ್ತು. 1844ರಲ್ಲಿ ಹತ್ತಿಯ ವ್ಯಾಪಾರವು ಕೊಲಾಬಾಕ್ಕೆ ಸರಿದ ಮೇಲೆ ಅದು ತೆಂಗಿನ ಚಿಪ್ಪು, ತರಗೆಲೆಗಳ ತಿಪ್ಪೆಯಾಯಿತು. ಅದನ್ನು ಅಂದವಾದ ವೃತ್ತವಾಗಿಸುವ ಯೋಜನೆಯನ್ನು ಮುಂದಿಟ್ಟವನು ಪೊಲೀಸ್ ಕಮಿಷನರ್ ಚಾರ್ಲ್ಸ್ ಫೋರ್ಜೆಟ್. 1872ರಲ್ಲಿ ಉದ್ಯಾನ ಪೂರ್ಣಗೊಂಡಿತು. ಸ್ವಾತಂತ್ರ್ಯಾನಂತರ ಗವರ್ನರ್ ಎಲ್ಫಿನ್‌ಸ್ಟನ್ನನ ಹೆಸರು ಹೋಗಿ, 1919ರಲ್ಲಿ ಬ್ರಿಟಿಷ್ ಸರಕಾರವು ಗಡಿಪಾರು ಮಾಡಿದ 'ಬಾಂಬೆ ಕ್ರಾನಿಕಲ್' ಸಂಪಾದಕ ಬಿ. ಜಿ. ಹಾರ್ನಿಮನ್ನರ ಹೆಸರು ಬಂದಿತು. ಒಬ್ಬ ಆಂಗ್ಲನ ಹೆಸರನ್ನು ತೆಗೆದು ಇನ್ನೊಬ್ಬ ಆಂಗ್ಲನ ಹೆಸರನ್ನೇ ಇಟ್ಟದ್ದು ಈ ನಗರದ ನ್ಯಾಯಬುದ್ಧಿಗೆ ಸಾಕ್ಷಿಯೆನ್ನಬೇಕು.

ಪೂರ್ವಕ್ಕೆ 1833ರ ಟೌನ್ ಹಾಲಿನ ಮೆಟ್ಟಿಲುಸಾಲು, ಪಶ್ಚಿಮಕ್ಕೆ ಸಂತ ಥಾಮಸರ ಇಗರ್ಜಿ. ನಡುವೆ ಸುಮಾರು ಎರಡೂವರೆ ಎಕರೆಯ ಹಸುರು. ಲೋಕಲ್ ಗಾಡಿಯಲ್ಲಿ ಜೋತು ಬಂದು ದಿನವಿಡೀ ಕುರ್ಚಿಗೆ ಅಂಟುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ನಲವತ್ತರಲ್ಲಿಯೇ ತಲೆದೋರುವುದು ಅಪರೂಪವಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು, ಇಲ್ಲವೇ ಅದಕ್ಕೆ ಸಮನಾದ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐದು ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 30 ನಿಮಿಷ. ಡಬ್ಬಿಯ ಊಟವಾದ ಮೇಲೆ ಇಲ್ಲಿ 15 ನಿಮಿಷ ಸುತ್ತಿದರೆ ಅರ್ಧ ಲೆಕ್ಕ ಚುಕ್ತಾ. ಊಟದ ನಂತರದ ನಡಿಗೆಯಿಂದ ರಕ್ತದಲ್ಲಿ ಸಕ್ಕರೆಯ ಏರಿಕೆಯೂ ತಗ್ಗುತ್ತದೆ. ಸಂಜೆ ಟ್ಯಾಕ್ಸಿಯನ್ನು ಬಿಟ್ಟು ಚರ್ಚ್‌ಗೇಟ್ ನಿಲ್ದಾಣಕ್ಕೆ ಕಾಲ್ನಡಿಗೆಯಲ್ಲಿ ಹೋದರೆ ಉಳಿದರ್ಧ. ಇನ್ಸುಲಿನ್ ಪಡೆಯುವವರೂ ಹೃದ್ರೋಗಿಗಳೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.