ಜಮೀನು ಕೊಳ್ಳುವವರು ವಕೀಲರಲ್ಲಿ ಕೇಳುವ ಐದು ಪ್ರಶ್ನೆಗಳು



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಜಮೀನು ಕೊಳ್ಳುವಾಗ ಅನೇಕರು ಮಣ್ಣನ್ನೂ ಬಾವಿಯ ನೀರನ್ನೂ ನೋಡಿ ಒಪ್ಪಿಬಿಡುತ್ತಾರೆ. ಕಾಗದಪತ್ರ ನೋಡುವ ಹೊತ್ತಿಗೆ ಹಣ ಕೈದಾಟಿರುತ್ತದೆ. ಆಮೇಲೆ ಅವರು ವಕೀಲರಲ್ಲಿಗೆ ಹೋಗಿ ಕೇಳುವ ಪ್ರಶ್ನೆಗಳು ಹೆಚ್ಚುಕಡಮೆ ಒಂದೇ ಬಗೆಯವು. ಅವುಗಳ ಉತ್ತರ ಮೊದಲೇ ತಿಳಿದಿದ್ದರೆ ಕೋರ್ಟಿಗೆ ಅಲೆಯುವುದು ತಪ್ಪೀತು.

೧. “ಛಾಪಾ ಕಾಗದದ ಮೇಲೆ ಬರೆಸಿ, ಸಾಕ್ಷಿ ಹಾಕಿಸಿ, ಪೂರ್ತಿ ಹಣ ಕೊಟ್ಟಿದ್ದೇನೆ. ಜಮೀನು ನನ್ನದಾಯಿತೇ?”

ಆಗಲಿಲ್ಲ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಜಮೀನಿನ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದು. ಇಂದು ನೂರು ರೂಪಾಯಿಗೆ ಗೇಣು ನೆಲವೂ ಬಾರದು. ಆದುದರಿಂದ ಎಲ್ಲ ಕ್ರಯಕ್ಕೂ ನೋಂದಣಿ ಬೇಕೇ ಬೇಕು. ಛಾಪಾ ಕಾಗದವು ಸರ್ಕಾರಕ್ಕೆ ಕಟ್ಟಿದ ಶುಲ್ಕದ ಗುರುತು, ಹಕ್ಕಿನ ಗುರುತಲ್ಲ. ನೋಟರಿಯ ಮೊಹರೂ ನೋಂದಣಿಗೆ ಸಮವಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಹಣ ಕೊಟ್ಟವರಿಗೂ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಹೇಳಿದೆ.

೨. “ಸಹಿಯಾದ ಕ್ರಯಪತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಯಾವಾಗ ಬೇಕಾದರೂ ನೋಂದಾಯಿಸಬಹುದೇ?”

ಇಲ್ಲ. ೧೯೦೮ರ ನೋಂದಣಿ ಕಾಯಿದೆಯಂತೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣವಿದ್ದರೆ ಇನ್ನೂ ನಾಲ್ಕು ತಿಂಗಳ ಅವಕಾಶ ಸಿಗಬಹುದು. ಆಗ ನೋಂದಣಿ ಶುಲ್ಕದ ಹತ್ತರಷ್ಟರವರೆಗೆ ದಂಡ ತೆರಬೇಕಾದೀತು. ಅದೂ ಮೀರಿದರೆ ಹೊಸ ಪತ್ರವನ್ನೇ ಬರೆಸಬೇಕು. ಅಷ್ಟರಲ್ಲಿ ಮಾರಿದವರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರೂ ಒಪ್ಪಬೇಕು. ತಂದೆ ಕೊಟ್ಟ ಮಾತನ್ನು ಮಕ್ಕಳು ನಡೆಸಿಯೇ ತೀರುವರೆಂದು ನಂಬಿ ಕೂರಬೇಡಿ.

೩. “ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದೇನೆ. ಈಗ ಮಾರುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?”

ಕರಾರುಪತ್ರದಿಂದ ಜಮೀನು ನಿಮ್ಮದಾಗದು. ಕ್ರಯ ಮಾಡಿಕೊಡಿರೆಂದು ಕೇಳುವ ಹಕ್ಕು ಮಾತ್ರ ಬರುತ್ತದೆ. ಆ ಹಕ್ಕಿಗೂ ಗಡುವುಂಟು. ಕರಾರಿನಲ್ಲಿ ಕ್ರಯದ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲವಾದರೆ ಅವರು ಒಲ್ಲೆನೆಂದುದು ನಿಮಗೆ ತಿಳಿದ ದಿನದಿಂದ, ಮೂರು ವರ್ಷದೊಳಗೆ ದಾವೆ ಹೂಡಬೇಕು. “ಬರುವ ಸುಗ್ಗಿಗೆ ನೋಡೋಣ” ಎಂಬ ಮಾತು ಕೇಳುತ್ತ ಕುಳಿತರೆ ಮೂರು ಸುಗ್ಗಿಯಲ್ಲಿ ಗಡುವು ಮುಗಿದೀತು.

೪. “ಮಾರುವವರ ಹೆಸರು ಪಹಣಿಯಲ್ಲಿದೆ. ಅಷ್ಟು ಸಾಲದೇ?”

ಸಾಲದು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಪಹಣಿಯಲ್ಲಿ ಬರೆದುದು, ಸುಳ್ಳೆಂದು ರುಜುವಾತಾಗುವವರೆಗೆ ಮಾತ್ರ, ನಿಜವೆಂದು ಎಣಿಕೆ. ಆದುದರಿಂದ ಆ ಹೆಸರು ಹೇಗೆ ಬಂತೆಂದು ಕೇಳಿರಿ.

ಪಿತ್ರಾರ್ಜಿತವಾಗಿ ಬಂದಿದ್ದರೆ ಅಕ್ಕತಂಗಿಯರ ಪಾಲನ್ನು ವಿಚಾರಿಸಿರಿ. ಹಿಂದೂ ಉತ್ತರಾಧಿಕಾರ ಕಾಯಿದೆಯ ೨೦೦೫ರ ತಿದ್ದುಪಡಿಯಂತೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದ. ಅಂದು ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಪಿತ್ತಿದೆ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ನೋಂದಣಿಯಾದ ವಿಭಾಗಕ್ಕೆ ಇದು ತಗಲದು. ಅಣ್ಣತಮ್ಮಂದಿರ ಸಹಿ ಮಾತ್ರ ಪಡೆದು ಕೊಂಡ ಜಮೀನಿನ ಮೇಲೆ ಮದುವೆಯಾಗಿ ಹೋದ ತಂಗಿ ಪಾಲು ಕೇಳಿದರೆ ತಪ್ಪು ಅವಳದಲ್ಲ, ಕೇಳದೆ ಕೊಂಡವರದು.

ಸರ್ಕಾರದಿಂದ ಮಂಜೂರಾದ ಜಮೀನಾದರೆ ಷರತ್ತುಗಳನ್ನು ನೋಡಿರಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳಕೂಡದೆಂದು ೧೯೭೮ರ ಕರ್ನಾಟಕ ಕಾಯಿದೆ ಹೇಳುತ್ತದೆ. ಕೊಂಡರೆ ಆ ಕ್ರಯ ಊರ್ಜಿತವಾಗದು.

೫. “ವಕೀಲರಿಗೆ ಕೊಡಲು ಹಣವಿಲ್ಲ. ನಮ್ಮಂಥವರಿಗೆ ಗತಿಯೇನು?”

೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಉಳಿದವರಿಗೆ ವರಮಾನದ ಮಿತಿಯುಂಟು. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ. ದೂರವಾಣಿ ಸಂಖ್ಯೆ ೧೫೧೦೦ಕ್ಕೂ ಕರೆ ಮಾಡಬಹುದು.

ಕೊನೆಯದಾಗಿ, ಮುಂಗಡ ಕೊಡುವ ಮೊದಲು ಈ ಕಾಗದಗಳನ್ನು ಕೂಡಿಸಿಕೊಳ್ಳಿರಿ: ಪಹಣಿ, ಮ್ಯುಟೇಷನ್ ಪ್ರತಿ, ಮಾರುವವರ ಮೂಲ ಪತ್ರ, ವಂಶವೃಕ್ಷ, ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ೧೧-ಇ ನಕ್ಷೆಯೂ ಬೇಕು. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ; ಬಾಯಿಮಾತಿನ ಸಾಲ, ಮನೆಯೊಳಗಿನ ತಕರಾರು ಅದರಲ್ಲಿ ಕಾಣದು. ಅದನ್ನು ತಿಳಿಯಲು ಅಕ್ಕಪಕ್ಕದ ಹೊಲದವರನ್ನು ಕೇಳಿರಿ. ಈ ಕಾಗದಗಳನ್ನೆಲ್ಲ ವಕೀಲರಿಗೆ ಒಮ್ಮೆ ತೋರಿಸಿರಿ. ಹಣ ನಿಮ್ಮ ಗಂಟಿನಲ್ಲಿರುವಾಗ ಕೇಳಿದ ಪ್ರಶ್ನೆಗೆ ಒಂದು ದಿನ ಸಾಕು. ಹಣ ಹೋದಮೇಲೆ ಕೇಳಿದ ಪ್ರಶ್ನೆಗೆ ವರ್ಷಗಳು ಹಿಡಿದಾವು.