ಪೇಟೆಮನೆಯ ವಾಸ್ತು ಮತ್ತು ಸಂರಕ್ಷಣೆ: ಭಟ್ಕಳ, ಹೊನ್ನಾವರ, ಕುಮಟಾ

ಉತ್ತರ ಕನ್ನಡ ಕರಾವಳಿಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಶಾಸನ, ದೇವಾಲಯ, ಬಸದಿ ಮತ್ತು ಕೋಟೆಗಳನ್ನು ಆಧರಿಸಿವೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಮೂಲತಃ ಬಂದರು ಪಟ್ಟಣಗಳು. ವಿಜಯನಗರಕ್ಕೆ ಕುದುರೆಗಳು ಬಂದಿಳಿದದ್ದು ಭಟ್ಕಳದಲ್ಲಿ. ಶರಾವತಿಯ ಮುಖದಲ್ಲಿರುವ ಹೊನ್ನಾವರ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾದಿಂದ ಹಡಗು ಏರುತ್ತಿತ್ತು. ಆದರೆ ಈ ವ್ಯಾಪಾರವನ್ನು ನಡೆಸಿದ ಕುಟುಂಬಗಳು ಬಾಳಿದ ಮನೆಗಳು ಚಾರಿತ್ರಿಕ ಆಕರಗಳ ಸಾಲಿಗೆ ಸೇರಿದ್ದು ಕಡಿಮೆ. ಪ್ರಸ್ತುತ ಲೇಖನವು ಇಂತಹ ಪೇಟೆಮನೆಯ ರಚನೆಯನ್ನು ವಿವರಿಸಿ, ಸಂರಕ್ಷಣೆಯ ವ್ಯವಸ್ಥೆಯಲ್ಲಿ ಅದಕ್ಕಿರುವ ಸ್ಥಾನವನ್ನು ಪರಿಶೀಲಿಸುತ್ತದೆ.

ರಚನೆ

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಪ್ರದೇಶದಲ್ಲಿ ಮನೆಯ ರೂಪವನ್ನು ನಿರ್ಧರಿಸುವುದು ಮಾಡು. ಗೋಡೆಗೆ ಚಿರೇಕಲ್ಲು, ಗಾರೆಗೆ ಅಳಿವೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ, ಮೇಲೆ ತೊಲೆ, ಪಕಾಸು, ರೀಪುಗಳ ಇಳಿಜಾರು ಚೌಕಟ್ಟು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಹುಲ್ಲು ಮತ್ತು ಕೈಹೆಂಚಿನ ಸ್ಥಾನವನ್ನು ಮಂಗಳೂರು ಹೆಂಚು ಕ್ರಮೇಣ ಆಕ್ರಮಿಸಿತು. ಚಿರೇಕಲ್ಲು ನೀರು ಹೀರುವ ಕಲ್ಲು. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ. ಸೂರು ಗೋಡೆಯಿಂದ ಮುಂದಕ್ಕೆ ಚಾಚಿರುವುದೂ ಮಳೆಯಿಂದ ಗೋಡೆಯನ್ನು ಕಾಯಲೆಂದೇ.

ಬೀದಿಗೆ ತಾಗಿದ ಜಗಲಿ, ಅದರಾಚೆ ಚಾವಡಿ, ನಡುಮನೆ, ಅಡುಗೆಮನೆ, ಬಚ್ಚಲು, ಬಾವಿ, ಹಿತ್ತಲು ಎಂಬ ಕ್ರಮದಲ್ಲಿ ಮನೆ ಹಿಂದಕ್ಕೆ ಬೆಳೆಯುತ್ತದೆ. ವರ್ತಕರ ಮನೆಗಳಲ್ಲಿ ಬೀದಿಬದಿಯ ಕೋಣೆಯೇ ಅಂಗಡಿ. ಭಟ್ಕಳದ ನವಾಯತರ ಹಳೆಯ ಮನೆಗಳಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಮುಂಭಾಗ ಹಾಗೂ ಹೆಂಗಸರು ಬಳಸುವ ಒಳಭಾಗಗಳು ಬೇರೆಬೇರೆಯಾಗಿವೆ. ವಿಕ್ಟರ್ ಡಿಸೋಜಾ ಅವರು ನವಾಯತರನ್ನು ಕುರಿತು ನಡೆಸಿದ ಅಧ್ಯಯನವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1955ರಲ್ಲಿಯೇ ಪ್ರಕಟಿಸಿದೆ. ಸಮುದಾಯದ ನಡಾವಳಿಯು ಮನೆಯ ನಕ್ಷೆಯಲ್ಲಿ ಹೇಗೆ ಮೂಡಿದೆ ಎಂಬುದನ್ನು ಅರಿಯಲು ಇಂತಹ ಸಮಾಜಶಾಸ್ತ್ರೀಯ ಆಕರಗಳು ಅಗತ್ಯ.

ಗಮನಾರ್ಹ ಸಂಗತಿಯೆಂದರೆ, ಈ ಪ್ರದೇಶದ ಮರದ ಕಟ್ಟಡದ ನೆನಪು ಕಲ್ಲಿನಲ್ಲಿ ಉಳಿದಿದೆ. ಭಟ್ಕಳದ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯದ ಇಳಿಜಾರು ಕಲ್ಲುಹಾಸಿನ ಮಾಡು ಮತ್ತು ಸುತ್ತಲಿನ ಕಲ್ಲಿನ ಜಾಲರಿಗಳು ಮರಗೆಲಸವನ್ನೇ ಅನುಸರಿಸಿವೆ. ಅನುಕರಣೆಯಾದ ಕಲ್ಲಿಗೆ ಕಾನೂನಿನ ಆಶ್ರಯವಿದೆ. ಮೂಲ ಮಾದರಿಯ ಪರಂಪರೆಯಲ್ಲಿ ಬಂದ ಮನೆಗೆ ಇಲ್ಲ.

ಕಾನೂನು

ಭಟ್ಕಳದ ಹಲವು ದೇವಾಲಯಗಳು, ಬಸದಿಗಳು ಹಾಗೂ 17ನೆಯ ಶತಮಾನದ ಯುರೋಪಿಯನ್ನರ ಸಮಾಧಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಪಟ್ಟಿಯಲ್ಲಿವೆ. ಆ ಪಟ್ಟಿಯಲ್ಲಿ ಇಲ್ಲಿನ ವಾಸದ ಮನೆಯೊಂದೂ ಇಲ್ಲ. 1958ರ ಕೇಂದ್ರ ಅಧಿನಿಯಮವು ನೂರು ವರ್ಷ ಮೀರಿದ, ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ವವುಳ್ಳ ಯಾವುದೇ ಕಟ್ಟಡವನ್ನು ಸ್ಮಾರಕವೆಂದು ಪರಿಗಣಿಸಲು ಅವಕಾಶ ನೀಡುತ್ತದೆ. ಮನೆಯನ್ನು ಅದು ಹೊರಗಿಟ್ಟಿಲ್ಲ. ಹೊರಗಿಟ್ಟಿರುವುದು ರೂಢಿ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತಲ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬಹುದು, ಮರುನಿರ್ಮಾಣಕ್ಕೆ ಅವಕಾಶವಿಲ್ಲ. ಸ್ಮಾರಕಗಳು ಜನವಸತಿಯ ನಡುವೆಯೇ ಇರುವ ಭಟ್ಕಳದಂತಹ ಊರಿನಲ್ಲಿ ಹಳೆಯ ಮನೆಯು ಪರಂಪರೆಯೆಂಬ ಮನ್ನಣೆಯನ್ನು ಪಡೆಯದೆಯೇ ಪರಂಪರೆಯ ನಿರ್ಬಂಧವನ್ನು ಹೊರಬೇಕಾಗುತ್ತದೆ.

ಹೆಂಚಿನ ಮನೆಗೆ ವಿಳಂಬವೇ ಶತ್ರು. ಒಡೆದ ಒಂದು ಹೆಂಚಿನಿಂದ ಇಳಿದ ನೀರು ರೀಪನ್ನು, ಪಕಾಸನ್ನು, ಅನಂತರ ಗೋಡೆಯ ತಲೆಯನ್ನು ನೆನೆಸುತ್ತದೆ; ನೆನೆದ ಮರಕ್ಕೆ ಒರಲೆ ಹತ್ತುತ್ತದೆ. ಒಲೆಯ ಹೊಗೆಯೂ ಜನರ ಓಡಾಟವೂ ಇಲ್ಲದ ಮುಚ್ಚಿದ ಮನೆಯಲ್ಲಿ ಈ ಕ್ರಿಯೆ ಇನ್ನೂ ವೇಗ. ಕೊಲ್ಲಿ ರಾಷ್ಟ್ರಗಳಿಗೂ ಮುಂಬಯಿ, ಬೆಂಗಳೂರುಗಳಿಗೂ ವಲಸೆ ಹೋದ ಕುಟುಂಬಗಳ ಮನೆಗಳು, ಅನೇಕ ವಾರಸುದಾರರ ನಡುವೆ ಪಾಲಾದ ಮನೆಗಳು ಕುಸಿಯುವುದು ಹೀಗೆ.

ಸ್ಥಳಾಂತರದ ಪ್ರಶ್ನೆ

ವಿಜಯನಾಥ ಶೆಣೈ (ನಿಧನ: 2017) ಅವರು ಮಣಿಪಾಲದಲ್ಲಿ ರೂಪಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಅಳಿವಿನಂಚಿನಲ್ಲಿದ್ದ ಹಲವು ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಲಾಗಿದೆ. ಭಟ್ಕಳದ ನವಾಯತ ಮನೆಯೂ ಅವುಗಳಲ್ಲೊಂದು. ಈ ಶ್ರಮ ಇಲ್ಲದಿದ್ದರೆ ಆ ಮರಗೆಲಸವನ್ನು ಇಂದಿನ ವಿದ್ಯಾರ್ಥಿ ನೋಡುವಂತಿರಲಿಲ್ಲ. ಆದರೂ ಕಟ್ಟಡವನ್ನು ಅದರ ನೆಲೆಯಿಂದ ಬೇರ್ಪಡಿಸುವುದು ಕೊನೆಯ ಉಪಾಯವಾಗಬೇಕೆಂಬುದು 1964ರ ವೆನಿಸ್ ಸನ್ನದಿನ ನಿಲುವು. ತೊಲೆ, ಕಂಬ, ಬಾಗಿಲುಗಳನ್ನು ಸಾಗಿಸಬಹುದು; ನೆರೆಮನೆ, ಓಣಿ, ಮಸೀದಿ ಮತ್ತು ಪೇಟೆಗಳೊಡನೆ ಮನೆಗಿದ್ದ ಸಂಬಂಧವನ್ನು ಸಾಗಿಸಲಾಗದು. ಜಗಲಿಗೆ ಅರ್ಥ ಬರುವುದು ಅದರ ಮುಂದೆ ಬೀದಿ ಇದ್ದಾಗಲೇ.

ಆದುದರಿಂದ ಇದ್ದಲ್ಲಿಯೇ ಉಳಿಸುವ ಕ್ರಮಗಳತ್ತ ಗಮನ ಹರಿಯಬೇಕಾಗಿದೆ. ಮೊದಲನೆಯದು, ಮೂರೂ ಪಟ್ಟಣಗಳಲ್ಲಿ ಮನೆಯವರ ಒಪ್ಪಿಗೆಯೊಡನೆ ನಕ್ಷೆ, ಛಾಯಾಚಿತ್ರಸಹಿತ ಯಾದಿಯನ್ನು ಸಿದ್ಧಪಡಿಸುವುದು. ಎರಡನೆಯದು, 2010ರ ತಿದ್ದುಪಡಿಯೇ ವಿಧಿಸಿರುವ ಸ್ಮಾರಕವಾರು ಪರಂಪರೆ ಉಪವಿಧಿಗಳಲ್ಲಿ ಹೆಂಚು, ಮರ, ಸುಣ್ಣಗಳ ವಾರ್ಷಿಕ ದುರಸ್ತಿಗೆ ಸರಳ ದಾರಿಯನ್ನು ಸ್ಪಷ್ಟಪಡಿಸುವುದು. ಮೂರನೆಯದು, ಮನೆಯನ್ನು ಉಳಿಸಿಕೊಳ್ಳುವವರಿಗೆ ದುರಸ್ತಿಯ ನೆರವು. ನಿರ್ಬಂಧ ಮಾತ್ರವೇ ಬಂದರೆ ಪಟ್ಟಿಗೆ ಸೇರುವ ಮೊದಲೇ ಮನೆ ಕೆಡವುವ ಅವಸರ ಹುಟ್ಟುತ್ತದೆ.

ನಾಲ್ಕನೆಯ ಕೆಲಸ ಕನ್ನಡ ವಿಭಾಗಗಳಿಗೆ ಸೇರಿದ್ದು. ಪಕಾಸು, ರೀಪು, ಸೂರು, ಚಾವಡಿ ಮುಂತಾದ ಪದಗಳು ವಸ್ತುವಿನೊಡನೆ ಬದುಕಿರುವಂಥವು. ಕಾಂಕ್ರೀಟಿನ ಮನೆಯಲ್ಲಿ ಅವುಗಳಿಗೆ ಕೆಲಸವಿಲ್ಲ. ಕನ್ನಡ, ಕೊಂಕಣಿ, ನವಾಯತಿ ಭಾಷಿಕರು ಒಂದೇ ಓಣಿಯಲ್ಲಿ ಒಂದೇ ಭಾಗಕ್ಕೆ ಬಳಸುವ ಹೆಸರುಗಳನ್ನು ಬಡಗಿಗಳಿಂದಲೂ ಮನೆಯ ಹಿರಿಯರಿಂದಲೂ ಕೇಳಿ ದಾಖಲಿಸಿದರೆ, ಕಟ್ಟಡವನ್ನು ದುರಸ್ತಿ ಮಾಡುವವನಿಗೆ ಅದು ಕೈಪಿಡಿಯಾಗುತ್ತದೆ, ಭಾಷೆಯನ್ನು ಅಭ್ಯಸಿಸುವವನಿಗೆ ನಿಘಂಟಾಗುತ್ತದೆ. ಮನೆ ನಿಂತಿರುವಾಗಲೇ, ಪ್ರತಿಯೊಂದು ಹೆಸರಿಗೂ ಬೆರಳು ಮಾಡಿ ತೋರಿಸಬಲ್ಲವರು ಇರುವಾಗಲೇ, ಈ ಕೆಲಸ ನಡೆಯಬೇಕಾಗಿದೆ.